ಕೂಗಳತೆ ದೂರದ ಊರು



ನಮ್ಮ ಹಿರಿಯರು ದೂರವನ್ನು ಹೇಗೆ ಅಳೆಯುತ್ತಿದ್ದರು, ನೆನಪಿದೆಯೇ? ಪರ ಊರಿನ ಪ್ರಯಾಣಕ್ಕೆ ಹರದಾರಿ, ಗಾವುದ. ಹತ್ತಿರದ್ದಕ್ಕೆ ಕೂಗಳತೆ. ಇಲ್ಲಿ ನಿಂತು ಕೂಗಿದರೆ ಅಲ್ಲಿಗೆ ಕೇಳಬೇಕು, ಅಷ್ಟು ದೂರ.

ಈಗ ಖರಾಡಿಯ ಒಂದು ಸಂಜೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಿಮ್ಮ ಬಾಲ್ಕನಿಯಲ್ಲಿ ನಿಂತರೆ ಆಫೀಸಿನ ಗಾಜಿನ ಕಟ್ಟಡ ಕಾಣುತ್ತದೆ. ತರಕಾರಿ ಅಂಗಡಿ, ಔಷಧದ ಅಂಗಡಿ, ಮಕ್ಕಳ ಶಾಲೆ ಎಲ್ಲವೂ ಒಂದೆರಡು ಕಿಲೋಮೀಟರಿನ ಒಳಗೇ. ಆದರೂ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಗಾಡಿಯ ಕೀಲಿ ಹುಡುಕುತ್ತೇವೆ. ಊರಿಂದ ಬಂದ ಅಮ್ಮ ‘ನಾನೇ ಹೋಗಿ ತರತೇನಿ’ ಅಂದರೆ ‘ಬ್ಯಾಡ, ರಸ್ತೆ ದಾಟೂದು ಕಷ್ಟ’ ಎಂದು ಕೂರಿಸುತ್ತೇವೆ. ದೂರ ಕಡಿಮೆಯೇ ಇದೆ. ನಡೆಯುವ ದಾರಿ ಮಾತ್ರ ಇಲ್ಲ. ಹೀಗೇಕಾಯಿತು? ಉತ್ತರಕ್ಕಾಗಿ ಇಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ಪಶ್ಚಿಮಕ್ಕೆ, ಪುಣೆಯ ಹಳೆಯ ಪೇಠಗಳಿಗೆ ಒಮ್ಮೆ ಹೋಗಿ ಬರೋಣ.

ಮರಾಠಿಯ ‘ಪೇಠ’ ಮತ್ತು ನಮ್ಮ ‘ಪೇಟೆ’ ಒಂದೇ ಮಾತು. ಪುಣೆಯ ಪೇಠಗಳಲ್ಲಿ ಎಲ್ಲಕ್ಕಿಂತ ಹಳೆಯದು ಕಸಬಾ. ಬಾಲಕ ಶಿವಾಜಿ ತಾಯಿ ಜೀಜಾಬಾಯಿಯ ಜೊತೆ ವಾಸವಾಗಿದ್ದ ಲಾಲ್ ಮಹಲ್ ಇದ್ದದ್ದು ಅದರ ಪಕ್ಕದಲ್ಲೇ. ಒಂದನೇ ಬಾಜೀರಾಯ 1730ರಿಂದ 1732ರ ನಡುವೆ ಶನಿವಾರವಾಡೆ ಕಟ್ಟಿಸಿದ ಮೇಲೆ ಊರು ಭರದಿಂದ ಬೆಳೆಯಿತು. ಸೋಮವಾರದಿಂದ ರವಿವಾರದವರೆಗೆ ವಾರದ ಏಳೂ ದಿನಗಳ ಹೆಸರಿನ ಪೇಠಗಳು ಇಲ್ಲಿವೆ. ಸದಾಶಿವ, ನಾರಾಯಣ, ನಾನಾ ಎಂದು ಪೇಶ್ವೆ ಮನೆತನದವರ, ಕಾರಭಾರಿಗಳ ಹೆಸರು ಹೊತ್ತ ಪೇಠಗಳೂ ಇವೆ.

ಪೇಠ ಎಂದರೆ ಬರೀ ಮನೆಗಳ ಸಾಲಲ್ಲ. ಹೊಸ ಪೇಠ ಎಬ್ಬಿಸುವಾಗ ವ್ಯಾಪಾರಿಗಳನ್ನು, ಕಸಬುದಾರರನ್ನು ಕರೆತಂದು ನೆಲೆಗೊಳಿಸುತ್ತಿದ್ದರು. ಕೆಲವು ವರ್ಷ ತೆರಿಗೆಯಲ್ಲಿ ರಿಯಾಯಿತಿಯೂ ಸಿಗುತ್ತಿತ್ತು. ಪೇಠದ ವ್ಯವಹಾರ ನೋಡಿಕೊಳ್ಳಲು ಶೇಟೆ, ಮಹಾಜನ ಎಂಬ ಅಧಿಕಾರಿಗಳಿರುತ್ತಿದ್ದರು. ನಮ್ಮ ಉತ್ತರ ಕರ್ನಾಟಕದಲ್ಲಿ ‘ಪಟ್ಟಣಶೆಟ್ಟಿ’ ಎಂಬ ಮನೆತನದ ಹೆಸರು ಕೇಳಿದ್ದೀರಲ್ಲ, ಅದೇ ಬಗೆಯ ಹುದ್ದೆಯ ನೆನಪು ಅದು. ಒಂದೊಂದು ಕಸಬಿಗೆ ಒಂದೊಂದು ಓಣಿ; ಮರಾಠಿಯಲ್ಲಿ ಆಳಿ. ಕಸಬಾ ಪೇಠದ ತಾಂಬಟ ಆಳಿಯಲ್ಲಿ ತಾಮ್ರದ ಪಾತ್ರೆ ಬಡಿಯುವ ಸದ್ದು ಇವತ್ತಿಗೂ ಕೇಳುತ್ತದೆ. ಬಿದಿರು ಕೆಲಸದವರಿಗೆ ಬುರುಡ ಆಳಿ, ಕುಂಬಾರರಿಗೆ ಕುಂಬಾರವಾಡ. ಮನೆಯ ಕೆಳಗೋ ಪಕ್ಕದಲ್ಲೋ ಕೆಲಸ, ತಿರುವಿನಲ್ಲಿ ದೇವಸ್ಥಾನ, ನಾಲ್ಕು ಹೆಜ್ಜೆಗೆ ಅಂಗಡಿ.

ನೀರೂ ನಡಿಗೆಯ ದೂರದಲ್ಲಿಯೇ ಇತ್ತು. 18ನೇ ಶತಮಾನದ ನಡುವಿನಲ್ಲಿ ನಾನಾಸಾಹೇಬ ಪೇಶ್ವೆ ಊರ ದಕ್ಷಿಣದ ಕಾತ್ರಜ್ ಕೆರೆಯಿಂದ ನೆಲದಡಿಯ ಕಾಲುವೆ ಕಟ್ಟಿಸಿದರು. ಇಳಿಜಾರಿನ ಬಲದಿಂದಲೇ ಹರಿದು ಬರುತ್ತಿದ್ದ ನೀರು ಪೇಠಗಳ ಹೌದುಗಳಲ್ಲಿ ತುಂಬುತ್ತಿತ್ತು. ಫಡಕೆ ಹೌದ, ಬದಾಮಿ ಹೌದ, ಕಾಳಾ ಹೌದ ಎಂಬ ಹೆಸರುಗಳು ಉಳಿದು ಬಂದದ್ದು ಹೀಗೆ.

ನಮ್ಮ ಬೆಂಗಳೂರಿನ ಕಥೆಯೂ ಇದೇ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರು ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಚೌಕದ ಸುತ್ತ ಬೆಳೆಯಿತು. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಊರಿನ ನಕ್ಷೆ. ಅಮೆರಿಕದ ಕ್ಲಾರೆನ್ಸ್ ಪೆರಿ ಎಂಬ ಯೋಜಕ 1929ರಲ್ಲಿ ಒಂದು ಸೂತ್ರ ಮುಂದಿಟ್ಟ. ಬಡಾವಣೆಯ ನಡುವೆ ಶಾಲೆ ಇರಬೇಕು, ಮನೆಯಿಂದ ಅಲ್ಲಿಗೆ ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್ ಮೀರಬಾರದು ಎಂದು. ಐದು ನಿಮಿಷದ ನಡಿಗೆ. ನಮ್ಮ ಪೇಟೆಗಳನ್ನು ಕಟ್ಟಿದವರು ಯಾವ ಪುಸ್ತಕವನ್ನೂ ಓದದೆ ಅದೇ ಅಳತೆಯಲ್ಲಿ ಬದುಕಿದ್ದರು. ಕಾಲು ಬಿಟ್ಟರೆ ಬೇರೆ ವಾಹನ ಹೆಚ್ಚಿನವರಿಗೆ ಇರಲಿಲ್ಲವಲ್ಲ!

ಇಷ್ಟು ಓದಿ ‘ಆಹಾ, ಆ ಕಾಲವೇ ಚೆನ್ನ’ ಎನ್ನಬೇಡಿ. ಓಣಿಗಳು ಹತ್ತಿರವಿದ್ದವು, ಆದರೆ ಎಲ್ಲರಿಗೂ ಒಂದೇ ಸಮನಾಗಿ ತೆರೆದಿರಲಿಲ್ಲ. 1848ರಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ ಬುಧವಾರ ಪೇಠದ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭಿಸಿದರು. ಪಾಠ ಹೇಳಲು ನಡೆದು ಹೋಗುವಾಗ ಸಾವಿತ್ರಿಬಾಯಿಯವರ ಮೇಲೆ ಜನ ಕೆಸರು, ಸಗಣಿ ಎಸೆಯುತ್ತಿದ್ದರು. ಶಾಲೆಯಲ್ಲಿ ಬದಲಾಯಿಸಿಕೊಳ್ಳಲು ಅವರು ಇನ್ನೊಂದು ಸೀರೆ ಒಯ್ಯುತ್ತಿದ್ದರು. ಇನ್ನು ಊರ ಹೌದುಗಳ ನೀರು ಅಸ್ಪೃಶ್ಯರೆನಿಸಿಕೊಂಡವರಿಗೆ ಸಿಗುತ್ತಿರಲಿಲ್ಲ. 1868ರಲ್ಲಿ ಜ್ಯೋತಿಬಾ ತಮ್ಮ ಮನೆಯ ಹೌದನ್ನೇ ಅವರಿಗೆ ತೆರೆದುಕೊಟ್ಟರು. ನೀರು ನಡಿಗೆಯ ದೂರದಲ್ಲಿದ್ದರೆ ಸಾಲದು, ಅಲ್ಲಿಯವರೆಗೆ ನಡೆದು ಹೋಗುವ ಹಕ್ಕೂ ಬೇಕು. ಪುಣೆಯ ಬೀದಿಗಳು ಕಲಿಸಿದ ದೊಡ್ಡ ಪಾಠ ಇದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಹೋಗೋಣ.

ಪೇಟೆಗಳ ಒತ್ತೊತ್ತಾದ ಬದುಕನ್ನು ಮೊದಲು ಅಲುಗಿಸಿದ್ದು ಪ್ಲೇಗು. ಪುಣೆಯಲ್ಲಿ ಅದು 1897ರಲ್ಲಿ ಉಗ್ರವಾಯಿತು, ಬೆಂಗಳೂರಿಗೆ 1898ರಲ್ಲಿ ಕಾಲಿಟ್ಟಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡದ್ದು ಆ ದಿನಗಳಲ್ಲಿಯೇ. ರಸ್ತೆ ಅಗಲವಾದವು, ಗಾಳಿ ಬೆಳಕು ಬಂತು. ಆದರೆ ಮಾರುಕಟ್ಟೆ, ಗುಡಿ, ಶಾಲೆಗಳನ್ನು ನಡಿಗೆಯ ದೂರದಲ್ಲೇ ಉಳಿಸಿಕೊಂಡರು. ಗಾಂಧಿ ಬಜಾರಿನಲ್ಲಿ ಹೂವು ಕೊಂಡು ದೋಸೆ ತಿಂದು ಬರುವ ಸುಖ ಅದರ ಫಲ. ಅಂಥದೇ ಸುಖವನ್ನು ಪುಣೆಗೆ ಉಣಬಡಿಸಿದವರಲ್ಲಿ ನಮ್ಮವರೂ ಇದ್ದಾರೆ. ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟಿ ಅವರು ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ನಡೆಸಿದ ವೈಶಾಲಿ, ರೂಪಾಲಿ ಹೋಟೆಲುಗಳು ನಡೆದು ಬರುವ ವಿದ್ಯಾರ್ಥಿಗಳ, ಮೇಷ್ಟ್ರುಗಳ ಅಡ್ಡೆಯಾದವು. ಶೆಟ್ಟರು 2023ರಲ್ಲಿ ತೀರಿಕೊಂಡಾಗ ಹಲವು ತಲೆಮಾರಿನ ಪುಣೇಕರರು ತಮ್ಮ ಕಾಲೇಜು ದಿನಗಳನ್ನೇ ನೆನೆದರು.

ಎರಡನೆಯ ಪೆಟ್ಟು 1961ರ ಜುಲೈ 12ರಂದು ಬಿತ್ತು. ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ದಡದ ಪೇಠಗಳಿಗೆ ನುಗ್ಗಿತು. ಹಳೆಯ ವಾಡೆಗಳು ಕುಸಿದವು, ಮನೆ ಕಳೆದುಕೊಂಡವರಿಗಾಗಿ ಊರ ಹೊರಗೆ ಹೊಸ ವಸತಿಗಳು ಎದ್ದವು. ಆಕುರ್ಡಿ, ಪಿಂಪ್ರಿಗಳ ಕಡೆ ಕಾರ್ಖಾನೆಗಳು ಬಂದವು. ಮನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ ಆಯಿತು. ಸೈಕಲ್ಲುಗಳ ಊರು ಎಂದು ಹೆಸರಾಗಿದ್ದ ಪುಣೆ ಬಜಾಜ್ ಸ್ಕೂಟರ್, 1972ರಲ್ಲಿ ಬಂದ ಲೂನಾಗಳ ಮೇಲೆ ಕುಳಿತು ಮೆಲ್ಲಗೆ ದ್ವಿಚಕ್ರ ವಾಹನಗಳ ಊರಾಯಿತು.

ನಮ್ಮ ಖರಾಡಿಯ ಸರದಿ ಬಂದದ್ದು ಆಮೇಲೆ. ಮುಳಾ–ಮುಠಾ ದಡದ ಈ ಹಳ್ಳಿ 1997ರಲ್ಲಿ ಪುಣೆ ಮಹಾನಗರ ಪಾಲಿಕೆಗೆ ಸೇರಿತು. ಹಿಂದೆಯೇ ಐಟಿ ಕಂಪನಿಗಳು ಬಂದವು, ಇಯಾನ್ ಐಟಿ ಪಾರ್ಕ್ ಎದ್ದಿತು. ಧಾರವಾಡ, ಬೆಳಗಾವಿ, ವಿಜಯಪುರ, ಕಲಬುರಗಿಯ ಹುಡುಗ ಹುಡುಗಿಯರು ಪೆಟ್ಟಿಗೆ ಹಿಡಿದು ಬಂದಿಳಿದರು. ಆದರೆ ಪೇಠಕ್ಕೂ ಖರಾಡಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಪೇಠದಲ್ಲಿ ಮೊದಲು ಬೀದಿ, ಆಮೇಲೆ ಮನೆ. ಇಲ್ಲಿ ಹೊಲಗಳು ಒಂದೊಂದಾಗಿ ಮಾರಾಟವಾದವು, ಒಂದೊಂದು ಸರ್ವೆ ನಂಬರಿನಲ್ಲಿ ಒಂದೊಂದು ಸೊಸೈಟಿ ಎದ್ದಿತು, ಒಂದೊಂದಕ್ಕೂ ಕಾಂಪೌಂಡು ಬಂತು. ಬೀದಿ ಉಳಿದ ಜಾಗದಲ್ಲಿ ಹೇಗೋ ನುಸುಳಿತು. ಅದಕ್ಕೇ ಪಕ್ಕದ ಸೊಸೈಟಿಯ ಗೆಳತಿಯ ಮನೆಗೆ ಗೋಡೆ ಸುತ್ತಿ ಮುಖ್ಯರಸ್ತೆಗೆ ಬಂದು ಹೋಗಬೇಕು. ಕೂಗಿದರೆ ಕೇಳುತ್ತದೆ, ನಡೆದರೆ ಮುಟ್ಟುವುದಿಲ್ಲ!

ನದಿಯ ಆಚೆ ದಡದಲ್ಲಿ ಬೇರೊಂದು ಪ್ರಯೋಗ ನಡೆದಿದೆ. ಹಡಪಸರದ ಸುಮಾರು 120 ರೈತ ಕುಟುಂಬಗಳು ಸತೀಶ ಮಗರ ಅವರ ಮುಂದಾಳತ್ವದಲ್ಲಿ ತಮ್ಮ 400 ಎಕರೆಯಷ್ಟು ಜಮೀನನ್ನು ತುಂಡು ತುಂಡಾಗಿ ಮಾರದೆ ಒಟ್ಟುಗೂಡಿಸಿದವು. 2000ದ ಹೊತ್ತಿಗೆ ಮಗರಪಟ್ಟಾ ಸಿಟಿಯ ಕೆಲಸ ಶುರುವಾಯಿತು. ಮನೆ, ಆಫೀಸು, ಶಾಲೆ, ಆಸ್ಪತ್ರೆ, ಉದ್ಯಾನ ಎಲ್ಲ ಒಂದೇ ಯೋಜನೆಯಲ್ಲಿ. ಕೆಲಸಕ್ಕೆ ನಡೆದು ಹೋಗುವ ಬದುಕು ಈ ಕಾಲದಲ್ಲೂ ಸಾಧ್ಯ ಎಂದು ಅದು ತೋರಿಸಿತು. ಆದರೆ ಅದು ಬೇಲಿಯೊಳಗಿನ ನೆಮ್ಮದಿ. ಗೇಟಿನ ಹೊರಗಿನ ಊರಿಗೂ ಅದು ಬೇಡವೇ?

ಕಾನೂನಿನಲ್ಲಿ ನಮಗೆ ಆಧಾರವಿದೆ. ವಾಹನಕ್ಕಿಂತ ಮನುಷ್ಯನ ಸಂಚಾರ ಮುಖ್ಯ ಎಂದು ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿತು. ಪುಣೆ ಪಾಲಿಕೆ 2016ರಲ್ಲಿ ಪಾದಚಾರಿಗಳಿಗಾಗಿಯೇ ಒಂದು ನೀತಿ ಒಪ್ಪಿಕೊಂಡಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗ ಎಂದಿತು. 2024ರ ಮಾರ್ಚ್‌ನಲ್ಲಿ ಮೆಟ್ರೋ ರಾಮವಾಡಿಯವರೆಗೆ ಬಂದಿದೆ, ಖರಾಡಿಗೆ ಕೆಲವೇ ಕಿಲೋಮೀಟರ್ ಬಾಕಿ. ಆದರೆ ರೈಲು ಎಷ್ಟು ಹತ್ತಿರ ಬಂದರೂ ಕೊನೆಯ ನಾಲ್ಕು ಹೆಜ್ಜೆ ನಡೆಯಲೇಬೇಕಲ್ಲ!

ನಾವು ನಡೆಯದೆ ಬಿಟ್ಟರೂ ಖರಾಡಿಯಲ್ಲಿ ನಡೆಯುವವರಿಗೇನೂ ಕಡಿಮೆ ಇಲ್ಲ. ಬೆಳಿಗ್ಗೆ ಏಳು ಗಂಟೆಗೆ ಗೇಟಿನ ಬಳಿ ನಿಂತು ನೋಡಿ. ಪಾತ್ರೆ ತೊಳೆಯಲು ಬರುವ ಮಾವಶಿಯರು, ರಾತ್ರಿ ಪಾಳಿ ಮುಗಿಸಿದ ಕಾವಲುಗಾರರು, ಕಟ್ಟಡ ಕೆಲಸಕ್ಕೆ ಹೊರಟವರು. ಇವರಲ್ಲಿ ಕಲಬುರಗಿ, ಯಾದಗಿರಿಯ ಕನ್ನಡವೂ ಕಿವಿಗೆ ಬೀಳುತ್ತದೆ. ಎಲ್ಲರೂ ಟ್ಯಾಂಕರು, ಬಸ್ಸುಗಳ ಪಕ್ಕದಲ್ಲಿ ಜೀವ ಕೈಲಿ ಹಿಡಿದು ನಡೆಯುವವರೇ. ಫುಟ್‌ಪಾತ್ ನಮಗೆ ಸಂಜೆಯ ಹವಾ ಸೇವನೆಯ ಮಾತಾದರೆ ಅವರಿಗೆ ಹೊಟ್ಟೆಪಾಡಿನ ದಾರಿ. ಸಾವಿತ್ರಿಬಾಯಿಯವರ ಊರಿನಲ್ಲಿ ಇದನ್ನು ಮರೆಯುವುದು ಸರಿಯಲ್ಲ.

ಹಾಗಾದರೆ ನಾವೇನು ಮಾಡಬಹುದು? ಈ ಭಾನುವಾರ ಗಾಡಿ ಬಿಟ್ಟು ಮನೆಯಿಂದ ಅರ್ಧ ಕಿಲೋಮೀಟರ್ ನಡೆಯಿರಿ. ಜೊತೆಗೆ ಅಮ್ಮನನ್ನೋ ಮಗುವನ್ನೋ ಕರೆದುಕೊಳ್ಳಿ. ಎಲ್ಲಿ ಫುಟ್‌ಪಾತ್ ಮುರಿದಿದೆ, ಎಲ್ಲಿ ಗಾಡಿ ನಿಂತಿದೆ, ಎಲ್ಲಿ ದಾಟಲು ಭಯವಾಗುತ್ತದೆ, ಬರೆದಿಟ್ಟುಕೊಳ್ಳಿ. ಸೊಸೈಟಿಯ ಮುಂದಿನ ಸಭೆಯಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ ಆ ಪಟ್ಟಿಯನ್ನೊಮ್ಮೆ ಓದಿ. ಆಮೇಲೆ ಅದನ್ನೇ ಪಾಲಿಕೆಯ ವಾರ್ಡ್ ಕಚೇರಿಗೆ ಕೊಡಿ. ಪಕ್ಕದ ಸೊಸೈಟಿಯವರು ಒಪ್ಪಿದರೆ ನಡುವಿನ ಗೋಡೆಗೆ ಒಂದು ಸಣ್ಣ ಬಾಗಿಲು ಇಡುವ ಮಾತನ್ನೂ ಎತ್ತಿ.

ಮುಂದಿನ ಸಲ ಅಮ್ಮ ‘ಕೊತ್ತಂಬರಿ ನಾನೇ ತರತೇನಿ’ ಅಂದಾಗ ‘ಹೋಗಿ ಬಾ’ ಎನ್ನುವಂತಾಗಲಿ.