ಹಿತ್ತಲಿನ ಹಕ್ಕಿಗಳು ಕಲಿಸುವ ಭರವಸೆ



ಅಕ್ಟೋಬರ್ 4ರಂದು ನಮ್ಮ ಧರ್ಮಸಭೆ ಅಸಿಸ್ಸಿಯ ಸಂತ ಫ್ರಾನ್ಸಿಸರ ಹಬ್ಬವನ್ನು ಆಚರಿಸುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ನಮಗೆ ಈ ಹಬ್ಬ ಒಳ್ಳೆಯ ಕಾಲದಲ್ಲೇ ಬರುತ್ತದೆ. ಮುಂಗಾರು ಹಿಂದೆ ಸರಿದು ಹಿಂಗಾರು ಇಳಿಯುವ ಹೊತ್ತು ಅದು. ಹೊಲದಲ್ಲಿ ರಾಗಿ, ಜೋಳ. ಹಿತ್ತಲಿಗೆ ಹೋದರೆ ನುಗ್ಗೆ ಮರದಲ್ಲಿ ಸೂರಕ್ಕಿ, ಹೊಂಗೆಯ ಕೊಂಬೆಯಲ್ಲಿ ಅಳಿಲು, ಬಾವಿಯ ಮೇಲೆ ಬಾಗಿದ ಈಚಲ ಗರಿಗಳಲ್ಲಿ ತೂಗುವ ಗೀಜಗನ ಗೂಡುಗಳು. ಪಕ್ಷಿಗಳನ್ನು ಸಹೋದರಿಯರೆಂದು ಕರೆದ ಸಂತನ ಹಬ್ಬಕ್ಕೆ ಇದಕ್ಕಿಂತ ಚೆಂದದ ತೋರಣ ಬೇಕೆ?

ಆಕಾಶದ ಹಕ್ಕಿಗಳನ್ನು ಗಮನಿಸಿರಿ ಎಂದು ಪ್ರಭು ಯೇಸು ಪರ್ವತದ ಮೇಲೆ ಬೋಧಿಸಿದರು. ಅವು ಬಿತ್ತುವುದಿಲ್ಲ, ಕಣಜ ತುಂಬುವುದಿಲ್ಲ, ಆದರೂ ಪರಲೋಕದ ಪಿತನು ಅವುಗಳಿಗೆ ಉಣಿಸುತ್ತಾನೆ ಎಂಬುದನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಸಂತ ಲೂಕನ ಶುಭಸಂದೇಶದಲ್ಲಿ ಇದೇ ಬೋಧನೆ ಕಾಗೆಯ ಹೆಸರಿನಲ್ಲಿ ಬರುತ್ತದೆ. ಯೆಹೂದ್ಯರ ಧರ್ಮಶಾಸ್ತ್ರಕ್ಕೆ ಕಾಗೆ ಅಶುದ್ಧ ಪಕ್ಷಿ. ಅಂಥದ್ದಕ್ಕೂ ದೇವರ ಮನೆಯಲ್ಲಿ ಎಲೆ ಹಾಕಿದೆ ಎಂಬುದೇ ಅಲ್ಲಿನ ಮರ್ಮ.

ಆದರೆ ಹಕ್ಕಿ ಕೈಕಟ್ಟಿ ಕೂತಿರುತ್ತದೆಯೇ? ಗೀಜಗನನ್ನೇ ನೋಡೋಣ. ಗಂಡು ಹಕ್ಕಿ ಹುಲ್ಲಿನ ಎಸಳು ಸೀಳಿ, ನೂರಾರು ಸಲ ಹಾರಿಹೋಗಿ ತಂದು, ಗೂಡನ್ನು ಅರ್ಧಕ್ಕೆ ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ನೋಡಿ ಒಪ್ಪಿದರೆ ಮಾತ್ರ ಉಳಿದ ಕೆಲಸ. ಒಪ್ಪದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಈ ಹಕ್ಕಿಯ ಸಂಸಾರವನ್ನು ತಾಳ್ಮೆಯಿಂದ ಗಮನಿಸಿ 1931ರಲ್ಲಿ ಬರೆದವರು ಪಕ್ಷಿತಜ್ಞ ಸಲೀಂ ಅಲಿ. ಮುಂದೆ 1939-40ರಲ್ಲಿ ಅವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆ ಬಂದಾಗ ನಮ್ಮ ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲೂ ತಿರುಗಾಡಿದರು. ಪಿತನು ಹಕ್ಕಿಗೆ ಉಣಿಸುತ್ತಾನೆ ನಿಜ, ಆದರೆ ಕಾಳನ್ನು ಗೂಡಿಗೇ ತಂದು ಹಾಕುವುದಿಲ್ಲ. ಭರವಸೆ ಎಂದರೆ ದುಡಿಮೆ ಬಿಡುವುದಲ್ಲ, ದುಡಿಯುತ್ತಲೇ ಕಳವಳ ಬಿಡುವುದು.

ಇಷ್ಟು ಹೇಳಿ ಮುಗಿಸಿದರೆ ಪ್ರಸಂಗ ಸುಲಭ. ಆದರೆ ನಮ್ಮ ನೆಲದ ಚರಿತ್ರೆ ನಮ್ಮನ್ನು ತಡೆದು ಕೇಳುತ್ತದೆ: ದುಡಿದೂ ಹಸಿದವರ ಗತಿ ಏನು?

1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವನ್ನು ನೆನೆಯೋಣ. ಆಗ ಕೊಳ್ಳೇಗಾಲ ಮದ್ರಾಸ್ ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ಯಳಂದೂರು ಮೈಸೂರಿನ ಕಡೆಗಿತ್ತು. ಸರ್ಕಾರ ಎರಡಾದರೂ ಹಸಿವು ಒಂದೇ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ, 1881ರಲ್ಲಿ ಸುಮಾರು 41.9 ಲಕ್ಷ. ಆ ಅಂತರದ ಹಿಂದೆ ಎಷ್ಟು ಮನೆಗಳ ಒಲೆ ಆರಿತೋ! ಅವರೇನು ದೇವರನ್ನು ನಂಬದ ಜನರೇ? ಮಳೆ ಕೈಕೊಟ್ಟಿತು ನಿಜ. ಆದರೆ ಅದೇ ವರ್ಷಗಳಲ್ಲಿ ಹಿಂದೂಸ್ತಾನದ ಬಂದರುಗಳಿಂದ ಧಾನ್ಯ ಹಡಗೇರುವುದು ನಿಲ್ಲಲಿಲ್ಲ. ಮುಗಿಲಿನ ಜೊತೆಗೆ ಮನುಷ್ಯರ ಕೈಯೂ ಬಡವರನ್ನು ಬಿಟ್ಟಿತ್ತು.

ಯೇಸುಸ್ವಾಮಿ ಗುಬ್ಬಿಯ ಮಾತನ್ನು ಇನ್ನೊಂದು ಸಲವೂ ಎತ್ತುತ್ತಾರೆ. ಒಂದು ಕಾಸಿಗೆ ಎರಡು ಗುಬ್ಬಿ ಮಾರುತ್ತಿದ್ದ ಕಾಲ ಅದು. ಗುಬ್ಬಿ ನೆಲಕ್ಕೆ ಬೀಳುವುದೇ ಇಲ್ಲ ಎಂದು ಸ್ವಾಮಿ ಹೇಳಲಿಲ್ಲ. ಪಿತನ ಅರಿವಿಗೆ ಹೊರತಾಗಿ ಅದು ಬೀಳುವುದಿಲ್ಲ ಎಂದರು. ನಮ್ಮ ಭರವಸೆಗೆ ಆಧಾರ ಇದೇ. ಬೀಳುವವನನ್ನು ದೇವರು ಕಾಣುತ್ತಾನೆ. ಆದ್ದರಿಂದ ನಾವೂ ಕಾಣಬೇಕು.

ಹಾಗೆ ಕಂಡವರು ನಮ್ಮ ಚರಿತ್ರೆಯಲ್ಲಿದ್ದಾರೆ. 1799ರ ನಂತರ ಮೈಸೂರು ಸೀಮೆಯಲ್ಲಿ ಸೇವೆ ಮಾಡಿದ ಅಬ್ಬೆ ದುಬೊಯಿಸರನ್ನು ಜನ ದೊಡ್ಡ ಸ್ವಾಮಿಯವರೆಂದು ಕರೆದರು. ಸಿಡುಬು ಹರಡಿದಾಗ ಅವರು ಪ್ರಾರ್ಥನೆಯನ್ನಷ್ಟೇ ಹೇಳಿಕೊಡಲಿಲ್ಲ. ಆಗಷ್ಟೇ ಬಂದಿದ್ದ ದೇವಿ ಹಾಕುವ ಪದ್ಧತಿಯನ್ನು ಊರೂರಿಗೆ ಒಯ್ದು ಸಾವಿರಾರು ಜನರಿಗೆ ಅದು ದೊರೆಯುವಂತೆ ಮಾಡಿದರು. ನಮ್ಮ ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆಯಲ್ಲಿ ಕನ್ಯಾಸ್ತ್ರೀಯರು ರೋಗಿಗಳ ಹಾಸಿಗೆಯ ಬಳಿ ನಿಂತದ್ದೂ ಇದೇ ದಾರಿಯಲ್ಲಿ. ದೇವರ ಪೋಷಣೆ ಮನುಷ್ಯರ ಕೈ ಹಿಡಿದು ಬರುತ್ತದೆ.

ಈಗ ನಮ್ಮ ಕಣ್ಣೆದುರಿನ ಒಂದು ಘಟನೆ. 2025ರ ಜೂನ್ 26ರಂದು ಹನೂರು ತಾಲ್ಲೂಕಿನ ಹೂಗ್ಯಂ ವಲಯದಲ್ಲಿ, ಮಲೆ ಮಹದೇಶ್ವರ ವನ್ಯಧಾಮದೊಳಗೆ, ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಶವಕ್ಕೆ ವಿಷ ಹಾಕಲಾಗಿತ್ತೆಂದು ತನಿಖೆಯಲ್ಲಿ ತಿಳಿಯಿತು. ದೇಶವೆಲ್ಲ ಹುಲಿಗಳಿಗಾಗಿ ಮರುಗಿತು, ಮರುಗಬೇಕಾದದ್ದೇ. ವಿಷವಿಟ್ಟದ್ದು ಪಾಪ, ಅಪರಾಧ. ಅದಕ್ಕೆ ಸಮರ್ಥನೆ ಇಲ್ಲ. ಆದರೆ ಕಾಡಂಚಿನಲ್ಲಿ ಬದುಕುವ ನಮಗೆ ಹಸು ಎಂದರೇನೆಂದು ಗೊತ್ತು. ಅದು ಮಗುವಿನ ಹಾಲು, ಶಾಲೆಯ ಫೀಸು, ಸಾಲದ ಕಂತು. ಅದನ್ನು ಕಳೆದುಕೊಂಡವನ ಮುಂದೆ ಹೋಗಿ ‘ಹಕ್ಕಿಗಳನ್ನು ನೋಡಪ್ಪ, ಚಿಂತೆ ಬಿಡು’ ಎಂದಷ್ಟೇ ಹೇಳಿ ಬರುವುದು ಸುವಾರ್ತೆಯಾದೀತೇ?

ಸಂತ ಫ್ರಾನ್ಸಿಸರು ಹಾಗೆ ಮಾಡಲಿಲ್ಲ. ಇಟಲಿಯ ಗುಬ್ಬಿಯೋ ಪಟ್ಟಣದ ತೋಳದ ಕಥೆ ಅವರ ಭಕ್ತರ ಪರಂಪರೆಯಲ್ಲಿ ಉಳಿದುಬಂದಿದೆ. ದನಕರುಗಳನ್ನೂ ಮನುಷ್ಯರನ್ನೂ ತಿನ್ನುತ್ತಿದ್ದ ತೋಳಕ್ಕೆ ಊರೇ ಬೆದರಿತ್ತು. ಸಂತರು ಒಬ್ಬರೇ ಎದುರು ಹೋಗಿ, ಶಿಲುಬೆಯ ಗುರುತು ಮಾಡಿ, ಅದನ್ನು ಸಹೋದರನೆಂದು ಕರೆದರು. ಕಥೆಯನ್ನು ನಾವು ಅಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಆಮೇಲೆ ಒಂದು ಒಪ್ಪಂದವೂ ಆಯಿತು: ತೋಳ ಇನ್ನು ಯಾರಿಗೂ ಕೇಡು ಮಾಡಬಾರದು, ಹಸಿವಿನಿಂದ ಕೆಟ್ಟದ್ದನ್ನು ಮಾಡಿದ ಅದಕ್ಕೆ ಊರಿನವರು ದಿನವೂ ಉಣಿಸಬೇಕು. ಗಮನಿಸಿ, ಆ ಹೊರೆ ಬಿದ್ದದ್ದು ಒಬ್ಬನ ಮೇಲಲ್ಲ, ಇಡೀ ಊರಿನ ಮೇಲೆ. ಮನೆಮನೆಯೂ ತನ್ನ ಪಾಲು ಕೊಟ್ಟಿತು.

ಇಂಥ ಹಂಚಿಕೆ ನಮ್ಮ ಬೆಟ್ಟಗಳಿಗೆ ಹೊಸದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು ಕೀಳುವಾಗ ಒಂದಿಷ್ಟನ್ನು ಕಾಡಿನ ಪ್ರಾಣಿಗಳ ಪಾಲೆಂದು ಬಿಟ್ಟುಬರುತ್ತಾರೆ. ಪವಿತ್ರ ಬೈಬಲಿನ ವಿಮೋಚನಕಾಂಡದಲ್ಲೂ ಇದೇ ನ್ಯಾಯ ಇದೆ: ಏಳನೆಯ ವರ್ಷ ಹೊಲವನ್ನು ಬೀಳು ಬಿಡಬೇಕು, ತಾನಾಗಿ ಬೆಳೆದದ್ದು ಬಡವರಿಗೆ, ಅವರು ಉಳಿಸಿದ್ದು ಕಾಡುಮೃಗಗಳಿಗೆ. ಬಡವರೂ ಮೃಗಗಳೂ ಒಂದೇ ಪಂಕ್ತಿಯಲ್ಲಿ! ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೇ ಆಲಿಸಿರೆಂದು ಕರೆ ಕೊಟ್ಟದ್ದೂ ಇದಕ್ಕಾಗಿಯೇ.

ಪ್ರಿಯರೇ, ಈ ಹಬ್ಬದಲ್ಲಿ ನಾವು ಮಾಡಬಹುದಾದದ್ದು ದೊಡ್ಡದೇನಲ್ಲ. ಹಿತ್ತಲಿನಲ್ಲಿ ಒಂದು ಬಟ್ಟಲು ನೀರು, ಒಂದು ಹಿಡಿ ನುಚ್ಚು ಇಡೋಣ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರುವ ಹಕ್ಕಿಗಳನ್ನು ಗಮನಿಸೋಣ. ಧರ್ಮಕೇಂದ್ರದಲ್ಲಿ ಯಾರದಾದರೂ ದನವನ್ನು ಕಾಡುಪ್ರಾಣಿ ಹಿಡಿದರೆ, ಆನೆ ಹೊಲ ತುಳಿದರೆ, ಆ ದಿನವೇ ನಮ್ಮ ಕಿರು ಕ್ರೈಸ್ತ ಸಮುದಾಯ ಆ ಮನೆಗೆ ಹೋಗಲಿ. ಪರಿಹಾರದ ಅರ್ಜಿ ಬರೆದುಕೊಡಲು ಒಬ್ಬರು, ಅದು ಕೈಸೇರುವ ತನಕ ಹಾಲು ಕೊಡಲು ಇನ್ನೊಬ್ಬರು. ಅಂಥ ಮನೆಯಲ್ಲಿ ವಿಷದ ಆಲೋಚನೆ ಹುಟ್ಟುವುದು ಕಷ್ಟ. ಪಿತನು ನಮ್ಮನ್ನು ಮರೆತಿಲ್ಲ ಎಂಬ ಮಾತನ್ನು ನಂಬುವುದು ಸುಲಭ.

ಬೀಳುವ ಗುಬ್ಬಿಯನ್ನೂ ಕಾಣುವ ಪಿತನು ನಮಗೆ ಆ ಕಣ್ಣನ್ನು ಕೊಡಲಿ. ಸಂತ ಫ್ರಾನ್ಸಿಸರು ನಮ್ಮ ಮನೆಗಳಿಗಾಗಿ, ಹೊಲಗಳಿಗಾಗಿ, ಕಾಡುಗಳಿಗಾಗಿ ಪ್ರಾರ್ಥಿಸಲಿ. ಆಮೆನ್.