ಸೊಂಟದ ಗೆರೆ ದಾಟಿದ ಗುಳ್ಳೆ

ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ಕಾಲೇಜಿನ ಗೆಳೆಯನೊಬ್ಬನ ಫೋನು. ಮದುವೆಯಾಗಿ ಒಂದೂವರೆ ವರ್ಷ ಆಗಿದೆ. ಹೆಂಡತಿಗೆ ಗುಪ್ತಾಂಗದ ಹತ್ತಿರ ಉರಿಯೋ ಗುಳ್ಳೆ ಎದ್ದಿವೆ. ಪರೀಕ್ಷೆ ಮಾಡಿಸಿದಾಗ ಡಾಕ್ಟರು 'ಹರ್ಪಿಸ್, ಒಂದನೇ ಬಗೆ' ಅಂದರಂತೆ. ಮನೆಗೆ ಬಂದ ಮೇಲೆ ಇಬ್ಬರ ಮನಸ್ಸಲ್ಲೂ ಒಂದೇ ಪ್ರಶ್ನೆ, ಕೇಳೋ ಧೈರ್ಯ ಇಬ್ಬರಿಗೂ ಇಲ್ಲ: ಇದು ಯಾರಿಂದ ಬಂತು?

"ಜ್ವರ ಬಂದಾಗ ನನ್ನ ತುಟಿ ಮೇಲೆ ಗುಳ್ಳೆ ಏಳ್ತಿತ್ತಲ್ಲ, ಹಾಸ್ಟೆಲ್ಲಲ್ಲಿ ನೀನೇ ನೋಡಿದೀಯ. ಅದು ಅಲ್ಲಿಗೆಲ್ಲ ಹೋಗುತ್ತೇನೋ?" ಅಂದ.

ನಾನು ಡಾಕ್ಟರಲ್ಲ, ಕೋಡ್ ಬರೆಯೋನು. ಆದ್ರೆ ಹಳೇ ಕಥೆ ಕೆದಕೋ ಚಟ ಇದೆಯಲ್ಲ, ಎರಡು ರಾತ್ರಿ ಕೂತು ಓದಿದೆ. ಅವನಿಗೆ ಹೇಳಿದ್ದನ್ನೇ ಅವರಿಬ್ಬರನ್ನೂ ಕೇಳಿಕೊಂಡು ಇಲ್ಲಿ ಬರೀತಿದೀನಿ.

ಹರ್ಪಿಸ್ ಅನ್ನೋದು ಗ್ರೀಕ್ ಪದ. ಮೂಲ ಅರ್ಥ ತೆವಳೋದು. ನಮ್ಮ 'ಸರ್ಪ' ಪದವೂ ಇದರ ದೂರದ ನೆಂಟನೇ. ನಾವು ಸರ್ಪಸುತ್ತು ಅನ್ನೋ ಕಾಯಿಲೆ ಕೂಡ ಇದೇ ವೈರಸ್ ಕುಟುಂಬದ್ದು, ಆದರೆ ಅದರ ವೈರಸ್ ಬೇರೆ. ಗೊಂದಲ ಬೇಡ.

ಹೆಸರು ಹಳೆಯದು, ಅದಕ್ಕೆ ಕಳಂಕ ಅಂಟಿದ್ದು ಆಮೇಲೆ. ಫ್ರಾನ್ಸಿನ ವೈದ್ಯ ಜ್ಯಾಂ ಆಸ್ಟ್ರುಕ್ 1736ರಲ್ಲಿ ಗುಹ್ಯರೋಗಗಳ ಮೇಲೆ ಬರೆದ ಲ್ಯಾಟಿನ್ ಪುಸ್ತಕದಲ್ಲಿ ಗುಪ್ತಾಂಗದ ಹರ್ಪಿಸನ್ನು ವಿವರಿಸಿದ. ಒಂದೇ ಥರದ ಗುಳ್ಳೆ ತುಟಿಯಲ್ಲಿದ್ದರೆ ಜ್ವರದ ಲೆಕ್ಕ, ಕೆಳಗಿದ್ದರೆ ನಡತೆಯ ಲೆಕ್ಕ!

1919ರಲ್ಲಿ ಲೋವೆನ್‌ಸ್ಟೈನ್ ಎಂಬಾತ ತುಟಿಗುಳ್ಳೆಯ ದ್ರವವನ್ನು ಮೊಲದ ಕಣ್ಣಿಗೆ ಹಾಕಿ, ಇದು ಅಂಟುವ ರೋಗ ಅಂತ ತೋರಿಸಿದ. ಗುಳ್ಳೆ ಮಾಗಿದ ಮೇಲೆ ವೈರಸ್ ನರದ ಗಂಟಿನಲ್ಲಿ ಅಡಗಿ ಕೂರುತ್ತೆ ಅಂತ ಅಮೆರಿಕದ ಅರ್ನೆಸ್ಟ್ ಗುಡ್‌ಪಾಸ್ಚರ್ 1929ರಲ್ಲಿ ಊಹಿಸಿದ. ಅದು ಇಲಿಗಳಲ್ಲಿ ಸಾಬೀತಾಗಿದ್ದು 1971ರಲ್ಲಿ.

ಈ ನಡುವೆ 1962ರಲ್ಲಿ ಜರ್ಮನಿಯ ಷ್ನೆವೈಸ್ ಈ ವೈರಸ್‌ನಲ್ಲಿ ಎರಡು ಬಗೆ ಇವೆ ಅಂತ ಗುರುತಿಸಿದ. ಅಟ್ಲಾಂಟಾದ ನಾಮಿಯಾಸ್ ಮತ್ತು ಡೌಡಲ್ 1968ರಲ್ಲಿ, ಒಂದನೇ ಬಗೆ ಹೆಚ್ಚಾಗಿ ಸೊಂಟದ ಮೇಲೆ, ಎರಡನೇದು ಹೆಚ್ಚಾಗಿ ಸೊಂಟದ ಕೆಳಗೆ ಅಂತ ಬರೆದರು. ಜನ ಆ 'ಹೆಚ್ಚಾಗಿ'ಯನ್ನು ಮರೆತು ಗೆರೆಯನ್ನು ಮಾತ್ರ ನೆನಪಿಟ್ಟುಕೊಂಡರು. 1982ರ ಆಗಸ್ಟಿನಲ್ಲಿ ಟೈಮ್ ಪತ್ರಿಕೆ ಹರ್ಪಿಸನ್ನು ಮುಖಪುಟಕ್ಕೇರಿಸಿ, ಹಾಥಾರ್ನ್ ಕಾದಂಬರಿಯಲ್ಲಿ ವ್ಯಭಿಚಾರದ ಆರೋಪ ಹೊತ್ತವಳ ಎದೆಯ ಮೇಲಿನ ಕೆಂಪು ಅಕ್ಷರಕ್ಕೆ ಹೋಲಿಸಿತು. ಗೆರೆ ಈಗ ತೀರ್ಪಾಯ್ತು. ಅದೇ ವರ್ಷ ಅಮೆರಿಕದಲ್ಲಿ ಏಸೈಕ್ಲೋವಿರ್ ಮುಲಾಮು ಬಂದದ್ದು ಎಷ್ಟು ಜನರಿಗೆ ನೆನಪಿದೆ?

ಗೆರೆ ಅಳಿಸಿದ ಲೆಕ್ಕವೂ ಇದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಗುಪ್ತಾಂಗದ ಹರ್ಪಿಸ್‌ನಲ್ಲಿ 1993ರಲ್ಲಿ ಶೇ. 31ರಷ್ಟಿದ್ದ ಒಂದನೇ ಬಗೆ, 2001ರ ಹೊತ್ತಿಗೆ ಶೇ. 78 ಆಗಿತ್ತು. ದಾರಿ ಏನು ಅಂದ್ರೆ ಓರಲ್ ಸೆಕ್ಸ್. ಬಾಯಿಯ ವೈರಸ್ ಅಲ್ಲಿಗೂ ಹೋಗುತ್ತೆ.

ಹಾಗಾದ್ರೆ ಅವನ ತುಟಿಯದ್ದು ಅವನದೇ ಮೈಯಲ್ಲಿ ಬೇರೆ ಕಡೆ ಹರಡುತ್ತಾ? ಮೊದಲ ಸಲ ಸೋಂಕು ತಗುಲಿದಾಗ ಬೆರಳಿಗೋ ಕಣ್ಣಿಗೋ ಹರಡಬಹುದು. ಆಮೇಲೆ ದೇಹದಲ್ಲಿ ಪ್ರತಿಕಾಯಗಳು ಹುಟ್ಟಿಕೊಳ್ಳೋದ್ರಿಂದ ಹಾಗಾಗೋದು ಅಪರೂಪ. ಆದರೂ ಗುಳ್ಳೆ ಮುಟ್ಟಿದ ಕೈ ತೊಳೀಬೇಕು, ಕಣ್ಣಿಗಂತೂ ತಾಗಿಸಬಾರದು. ಸಂಗಾತಿಯ ವಿಷಯ ಬೇರೆ. ಅವರಲ್ಲಿ ಆ ಪ್ರತಿಕಾಯ ಇಲ್ಲದಿರಬಹುದು. ತುಟಿ ಜುಮುಗುಟ್ಟೋಕೆ ಶುರುವಾದಾಗಿನಿಂದ ಪೂರ್ತಿ ಮಾಗೋವರೆಗೆ ಮುತ್ತೂ ಬೇಡ, ಓರಲ್ ಸೆಕ್ಸೂ ಬೇಡ. ಗುಳ್ಳೆ ಇಲ್ಲದಾಗಲೂ ವೈರಸ್ ಕೆಲವೊಮ್ಮೆ ಹೊರಬರುತ್ತೆ, ಆದ್ರೆ ಅಪಾಯ ಕಡಿಮೆ.

ಇನ್ನು 'ಯಾರಿಂದ' ಅನ್ನೋದು. ಪರೀಕ್ಷೆ ಯಾವ ಬಗೆ ಅಂತ ಹೇಳುತ್ತೆ, ಯಾರಿಂದ ಅಂತ ಹೇಳೋದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಂತೆ ಐವತ್ತರೊಳಗಿನ 380 ಕೋಟಿ ಜನರಲ್ಲಿ, ಅಂದ್ರೆ ಶೇ. 64 ಮಂದಿಯಲ್ಲಿ, ಒಂದನೇ ಬಗೆ ಇದೆ. ಎಷ್ಟೋ ಜನರಿಗೆ ಚಿಕ್ಕಂದಿನಲ್ಲೇ, ಮನೆಯವರು ಕೊಟ್ಟ ಮುತ್ತಿನಿಂದಲೇ ಬಂದಿರುತ್ತೆ. ಅವರಲ್ಲಿ ಬಹಳಷ್ಟು ಮಂದಿಗೆ ತಮ್ಮಲ್ಲಿ ವೈರಸ್ ಇದೆ ಅಂತಲೇ ಗೊತ್ತಿರಲ್ಲ. ಗುಪ್ತಾಂಗದಲ್ಲಿ ಒಂದನೇ ಬಗೆ ಎರಡನೇದಕ್ಕಿಂತ ಕಡಿಮೆ ಸಲ ಮರುಕಳಿಸುತ್ತೆ ಅನ್ನೋದೂ ಸಮಾಧಾನದ ಮಾತೇ.

ಮರುದಿನ ಅವನ ಹೆಂಡತಿಯೇ ಫೋನ್ ಮಾಡಿದ್ರು. "ಅಣ್ಣಾ, ಇವರು ಮೂರು ದಿನದಿಂದ ಮಾತಾಡದೆ ಇದ್ದಿದ್ದಕ್ಕೆ ನನ್ನ ಮೇಲೆ ಅನುಮಾನ ಅಂದ್ಕೊಂಡಿದ್ದೆ. ತನ್ನಿಂದಲೇ ಬಂತೇನೋ ಅಂತ ಸಂಕಟಪಡ್ತಿದ್ರಂತೆ. ಬಾಯಿಬಿಟ್ಟು ಹೇಳೋಕೇನಾಗಿತ್ತು?"

ಇಷ್ಟೆಲ್ಲ ಇಸವಿ ಒಟ್ಟುಹಾಕಿದ ನನ್ನ ಹತ್ರ ಅದಕ್ಕೆ ಉತ್ತರ ಇರಲಿಲ್ಲ. ಬಹುಶಃ ಆ ಕೆಂಪು ಅಕ್ಷರ ನಮ್ಮ ಮನೆಗಳಲ್ಲೂ ಎಲ್ಲೋ ಮೂಲೆಯಲ್ಲಿ ಇನ್ನೂ ಬಿದ್ದಿದೆ. ನೀವೇನಂತೀರಿ?