ಮಂತ್ರಿಮಂಡಲದ ಮಿತಿ ಮತ್ತು ಭೀಮಾತೀರದ ಮೂರು ತಾಲ್ಲೂಕುಗಳು

ದೊಡ್ಡಾಟದ ರಂಗದಲ್ಲಿ ಮಂತ್ರಿ ಒಬ್ಬನೇ. ಅರಸನು ನಾಡಿನ ಕ್ಷೇಮವನ್ನು ವಿಚಾರಿಸುವುದು ಅವನಲ್ಲಿಯೇ. ಸಂವಿಧಾನದ ಮಂತ್ರಿಮಂಡಲವಾದರೋ ಒಂದು ಸಮೂಹ. ಅದು ಕೇಂದ್ರದಲ್ಲಿ ಲೋಕಸಭೆಗೂ ರಾಜ್ಯದಲ್ಲಿ ವಿಧಾನಸಭೆಗೂ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ಆದರೂ ಆಳಂದ, ಅಫಜಲಪುರ, ಜೇವರ್ಗಿಗಳಂತಹ ಗಡಿಭಾಗದ ಸೀಮೆಗಳಲ್ಲಿ ಮಂತ್ರಿಯೆಂದರೆ 'ನಮ್ಮ ಕಡೆಯವ' ಎಂಬ ಭಾವನೆಯೇ ಬಲವಾದುದು. ರಾಜಧಾನಿಯಿಂದ ಇಷ್ಟು ದೂರವಿರುವ ನೆಲದಲ್ಲಿ ಇದನ್ನು ಕೇವಲ ಸ್ಥಳಾಭಿಮಾನವೆಂದು ತಳ್ಳಿಹಾಕಲಾಗದು.

2003ರಲ್ಲಿ ಅಂಗೀಕಾರವಾಗಿ 2004ರ ಜನವರಿಯಲ್ಲಿ ಜಾರಿಗೆ ಬಂದ ಸಂವಿಧಾನದ 91ನೆಯ ತಿದ್ದುಪಡಿಯು ಮಂತ್ರಿಗಳ ಸಂಖ್ಯೆಯನ್ನು ಸದನದ ಬಲದ ಶೇ. 15ಕ್ಕೆ ಸೀಮಿತಗೊಳಿಸಿತು. ಕರ್ನಾಟಕದಲ್ಲಿ ಮುಖ್ಯಮಂತ್ರಿಯೂ ಸೇರಿ ಈ ಮಿತಿ 34. ಇದಾದ ಮೇಲೆ ರಾಜ್ಯದಲ್ಲಿ ರಚನೆಗೊಂಡ ಮೊದಲ ಸರ್ಕಾರದ ಮುಖ್ಯಸ್ಥರು ಜೇವರ್ಗಿಯ ಶಾಸಕರೇ ಆಗಿದ್ದುದು ಗಮನಾರ್ಹ. 1978ರಿಂದ ಸತತವಾಗಿ ಅಲ್ಲಿಂದ ಗೆದ್ದುಬಂದಿದ್ದ ಎನ್. ಧರ್ಮಸಿಂಗ್ 2004ರ ಮೇ 28ರಂದು ಪ್ರಮಾಣವಚನ ಸ್ವೀಕರಿಸಿದರು. ಕಾಂಗ್ರೆಸ್ಸಿನ 65, ಜನತಾದಳ (ಎಸ್)ದ 58 ಶಾಸಕರ ಆಕಾಂಕ್ಷೆಗಳನ್ನು ಆ ಮಿತಿಯೊಳಗೇ ಹೊಂದಿಸಬೇಕಾಗಿತ್ತು.

2023ರಲ್ಲಿ ಮೂರು ಕ್ಷೇತ್ರಗಳೂ ಆಡಳಿತ ಪಕ್ಷವನ್ನೇ ಆರಿಸಿದವು. ಮೇ ತಿಂಗಳಲ್ಲಿ 34 ಸ್ಥಾನಗಳು ಭರ್ತಿಯಾದಾಗ ಜಿಲ್ಲೆಯಿಂದ ಚಿತ್ತಾಪುರ, ಸೇಡಂಗಳಿಗೆ ಮಂತ್ರಿಪದವಿ ದೊರೆಯಿತು. ಈ ಮೂರಕ್ಕೆ ದೊರೆಯಲಿಲ್ಲ. ಜೇವರ್ಗಿಯ ಅಜಯ್ ಸಿಂಗ್ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಾದರು, ಆಳಂದದ ಬಿ.ಆರ್. ಪಾಟೀಲರು ಮುಖ್ಯಮಂತ್ರಿಯ ಸಲಹೆಗಾರರಾಗಿ ನೇಮಕಗೊಂಡರು. ಸಂಪುಟದ ಸದಸ್ಯತ್ವವಾಗಲಿ, ಅದರ ನಿರ್ಣಯಗಳ ಸಾಮೂಹಿಕ ಹೊಣೆಯಾಗಲಿ ಇಂತಹ ಹುದ್ದೆಗಳಿಗೆ ಇಲ್ಲ.